ಹಂಚಿಕೆಯ ಕಾರು: ಒಡೆತನ, ಓಡಾಟ ಮತ್ತು ರಸ್ತೆಬದಿಯ ಜಾಗ



ಒಂದು ಕಾರನ್ನು ಹಲವು ಮನೆಗಳು ಸರದಿಯ ಮೇಲೆ, ಗಂಟೆಯ ಲೆಕ್ಕದಲ್ಲಿ, ತಾವೇ ಓಡಿಸಿಕೊಂಡು ಬಳಸುವ ಏರ್ಪಾಡಿಗೆ ಕಾರ್‌ಶೇರಿಂಗ್ ಎನ್ನುತ್ತಾರೆ. ಬಾಡಿಗೆಯ ಚಾಲಕ ಇಲ್ಲದ ಕಾರಣ ಇದು ಟ್ಯಾಕ್ಸಿಯಲ್ಲ. ಒಂದೇ ದಾರಿಯ ನಾಲ್ವರು ಒಟ್ಟಿಗೆ ಕೂತು ಹೋಗುವ ಕಾರ್‌ಪೂಲಿಂಗೂ ಅಲ್ಲ. ದಿನದ ಲೆಕ್ಕಕ್ಕೆ ಕಾರು ಕೊಡುವ ಬಾಡಿಗೆ ಕಂಪನಿಗೆ ಇದು ಹತ್ತಿರದ ನೆಂಟ. ಆದರೆ ಇಲ್ಲಿ ಕೌಂಟರಿನ ಮುಂದೆ ನಿಂತು ಪ್ರತಿಸಲ ಸಹಿ ಹಾಕುವ ಕಾಟವಿಲ್ಲ. ಮನೆಯಿಂದ ನಡೆದು ತಲುಪುವಷ್ಟು ದೂರದಲ್ಲಿ ಕಾರು ನಿಂತಿರುತ್ತದೆ, ಸದಸ್ಯರು ಹೋಗಿ ಬಾಗಿಲು ತೆರೆದು ಒಯ್ಯುತ್ತಾರೆ, ಕೆಲಸ ಮುಗಿಸಿ ತಂದು ನಿಲ್ಲಿಸುತ್ತಾರೆ. ಈ ಏರ್ಪಾಡು ಎಲ್ಲಿ ಹುಟ್ಟಿತು, ಎಲ್ಲಿ ಬೇರು ಬಿಟ್ಟಿತು, ಎಲ್ಲಿ ನೆಲಕಚ್ಚಿತು, ನಮ್ಮ ನಾಡಿನಲ್ಲಿ ಇದಕ್ಕೆ ಎಂಥ ಮುಂದಿನ ದಿನಗಳಿವೆ ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಂಚಿಕೆಯ ಕಾರಿನ ಹಣೆಬರಹ ಬರೆಯುವುದು ಮೊಬೈಲ್ ಆ್ಯಪ್ ಎಂಬ ನಂಬಿಕೆ ಈಗ ಬಲವಾಗಿದೆ. ಏಳು ದಶಕಗಳ ಚರಿತ್ರೆಯನ್ನು ಓದಿದರೆ ಆ ನಂಬಿಕೆ ಉಳಿಯುವುದಿಲ್ಲ. ಈ ಸೇವೆ ಸಿಗದೆ ಹೋಗಿದ್ದರೆ ಅದರ ಸದಸ್ಯರು ಏನು ಮಾಡುತ್ತಿದ್ದರು? ಬಸ್ಸು ಹತ್ತುತ್ತಿದ್ದರೇ, ಸ್ವಂತ ಕಾರು ಕೊಳ್ಳುತ್ತಿದ್ದರೇ, ಇಲ್ಲ ಆ ಪ್ರಯಾಣವನ್ನೇ ಕೈಬಿಡುತ್ತಿದ್ದರೇ? ಇದಕ್ಕೆ ಸಿಗುವ ಉತ್ತರದ ಮೇಲೆ ಹಂಚಿಕೆಯ ಕಾರು ಊರಿಗೆ ಉಪಕಾರವೋ ಹೊರೆಯೋ ಎಂಬುದು ತೀರ್ಮಾನವಾಗುತ್ತದೆ. ಆ ಉತ್ತರವನ್ನು ರೂಪಿಸುವವು ಆ ಊರಿನ ಬಸ್ಸು, ರೈಲು, ಮತ್ತು ರಸ್ತೆಬದಿಯಲ್ಲಿ ಕಾರು ನಿಲ್ಲಿಸುವ ಜಾಗದ ಬೆಲೆ.

ಸ್ವಂತ ಕಾರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಕೊಂಡ ಬೆಲೆ, ಸಾಲದ ಕಂತು, ವಿಮೆ, ತೆರಿಗೆ, ವರ್ಷ ಕಳೆದಂತೆ ಇಳಿಯುವ ಮರುಮಾರಾಟದ ಬೆಲೆ, ಇವೆಲ್ಲ ಕಾರು ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ತೆರಲೇಬೇಕಾದವು. ಓಡಿಸಿದಾಗ ಹೆಚ್ಚುವುದು ಪೆಟ್ರೋಲು, ಟೋಲು, ಒಂದಿಷ್ಟು ಸವಕಳಿ. ಹೀಗಾಗಿ ಕಾರು ಕೊಂಡ ಮೇಲೆ ಒಂದೊಂದು ಓಡಾಟವೂ ಅಗ್ಗವಾಗಿ ಕಾಣತೊಡಗುತ್ತದೆ. ಅರ್ಧ ಕಿಲೋಮೀಟರ್ ದೂರದ ಹಾಲಿನ ಬೂತಿಗೂ ಕಾರು ಹೊರಡುವುದನ್ನು ಸೋಮಾರಿತನವೆಂದು ಬೈದು ಬಿಡುವುದು ಸುಲಭ. ಆದರೆ ದೊಡ್ಡ ಮೊತ್ತ ಆಗಲೇ ಕೈಬಿಟ್ಟು ಹೋಗಿದೆ, ಬಳಸದಿದ್ದರೆ ದಂಡ ಎಂಬ ಮನಸ್ಸಿನ ಗಣಿತ ಅದರ ಹಿಂದಿದೆ.

ಕರ್ನಾಟಕದ ತೆರಿಗೆ ಪದ್ಧತಿ ಈ ಗಣಿತಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ನಮ್ಮಲ್ಲಿ ಕಾರಿನ ಜೀವಿತಾವಧಿ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. 5 ಲಕ್ಷ ರೂಪಾಯಿಯೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 13ರಿಂದ ಶುರುವಾಗಿ 20 ಲಕ್ಷ ಮೀರಿದ ಕಾರಿಗೆ ಶೇ. 18ರವರೆಗೆ ಏರುತ್ತದೆ, ಅದರ ಮೇಲೆ ಉಪಕರ ಬೇರೆ. ಇದನ್ನು ನೋಂದಣಿಯ ದಿನ ಒಂದೇ ಗಂಟಿನಲ್ಲಿ ಕಟ್ಟಬೇಕು. ಕಟ್ಟಿದ ಮೇಲೆ ಆ ಕಾರು ವರ್ಷಕ್ಕೆ 2,000 ಕಿಲೋಮೀಟರ್ ಓಡಿತೋ 20,000 ಓಡಿತೋ ಎಂದು ಆರ್‌ಟಿಒ ಕೇಳುವುದಿಲ್ಲ. ಕಾರು ಕೊಳ್ಳುವ ಮುನ್ನ ಜನ ಹಿಂದೆಮುಂದೆ ನೋಡಲಿ ಎಂಬ ಉದ್ದೇಶ ಆ ತೆರಿಗೆಗೆ ಇದ್ದಿರಬಹುದು. ಕೊಂಡವರಿಗೆ ಮಾತ್ರ ಅದು ಕಾರನ್ನು ಇನ್ನಷ್ಟು ಓಡಿಸಲು ಕೊಟ್ಟ ಪ್ರೋತ್ಸಾಹವಾಗಿಬಿಟ್ಟಿದೆ.

ಹಂಚಿಕೆಯ ಕಾರಿನಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ವಿಮೆ, ಸರ್ವಿಸ್, ಸವಕಳಿ, ನಿಲ್ಲಿಸುವ ಜಾಗದ ಬಾಡಿಗೆ ಎಲ್ಲವೂ ಗಂಟೆಯ ದರದೊಳಗೆ, ಕಿಲೋಮೀಟರಿನ ದರದೊಳಗೆ ಬಂದು ಕೂರುತ್ತವೆ. ಓಡಿಸದ ತಿಂಗಳು ಖರ್ಚು ಹೆಚ್ಚುಕಡಿಮೆ ಸೊನ್ನೆ. ಓಡಿಸುವ ಪ್ರತಿಸಲವೂ ಪೂರ್ತಿ ಬೆಲೆ ಕಣ್ಣಿಗೆ ಬೀಳುತ್ತದೆ. ಆಗ ಹಾಲಿನ ಬೂತಿಗೆ ಕಾಲೇ ಸಾಕೆನಿಸುತ್ತದೆ, ಪೇಟೆಗೆ ಬಸ್ಸಾದೀತು ಎನಿಸುತ್ತದೆ, ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಮಾತ್ರ ಕಾರು ಬೇಕೆನಿಸುತ್ತದೆ. ನಗರ ಯೋಜನೆಯ ವಿದ್ವಾಂಸ ಡೊನಾಲ್ಡ್ ಶೂಪ್ ಅವರು ಉಚಿತ ಪಾರ್ಕಿಂಗಿನ ದುಬಾರಿತನವನ್ನು ಕುರಿತ ತಮ್ಮ 2005ರ ಗ್ರಂಥದಲ್ಲಿ ಕಾರೊಂದು ತನ್ನ ಆಯುಷ್ಯದ ಶೇ. 95ರಷ್ಟು ಕಾಲ ನಿಂತೇ ಇರುತ್ತದೆ ಎಂದು ತೋರಿಸಿದರು. ಹಂಚಿಕೆಯ ಕಾರಿನ ಆರ್ಥಿಕತೆಯೆಲ್ಲ ನಿಂತ ಆ ಹೊತ್ತನ್ನು ಬೇರೆಯವರಿಗೆ ಮಾರುವುದರಲ್ಲಿದೆ.

ಇಲ್ಲೇ ಅದರ ಮಿತಿಯೂ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರಿಗೂ ಕಾರು ಬೇಕು. ಹಾಗೆ ಒಯ್ದ ಕಾರು ಕಚೇರಿಯ ಅಂಗಳದಲ್ಲಿ ಎಂಟು ಗಂಟೆ ನಿಂತರೂ ಬಾಡಿಗೆ ಓಡುತ್ತಲೇ ಇರುತ್ತದೆ. ದಿನವೂ ಕೆಲಸಕ್ಕೆ ಕಾರಿನಲ್ಲೇ ಹೋಗುವವರಿಗೆ ಈ ಸೇವೆ ಎಂದೂ ಗಿಟ್ಟುವುದಿಲ್ಲ. ಅಂದರೆ ದಿನನಿತ್ಯದ ಓಡಾಟವನ್ನು ಬೇರೆ ಯಾವುದೋ ವಾಹನ ಆಗಲೇ ವಹಿಸಿಕೊಂಡಿರುವ ಊರಿನಲ್ಲಿ ಮಾತ್ರ ಹಂಚಿಕೆಯ ಕಾರಿಗೆ ಕೆಲಸವುಂಟು.

ಮಹನೀಯರೇ, ಈ ಮಾತಿಗೆ ಸಾಕ್ಷಿ ಸ್ವಿಟ್ಜರ್ಲೆಂಡಿನಲ್ಲಿದೆ. ದಾಖಲೆಗೆ ಸಿಗುವ ಮೊದಲ ಕಾರು ಹಂಚಿಕೆಯ ಸಂಘ ಹುಟ್ಟಿದ್ದು 1948ರಲ್ಲಿ, ಜ್ಯೂರಿಕ್ ನಗರದಲ್ಲಿ, ಸೆಫಾಗೆ ಎಂಬ ಹೆಸರಿನಲ್ಲಿ. ಪರಿಸರದ ಕಾಳಜಿ ಎಂಬ ಮಾತೇ ಆಗ ಇರಲಿಲ್ಲ. ಯುದ್ಧ ಮುಗಿದ ಕಾಲ, ಕಾರು ಕೊಳ್ಳುವ ಶಕ್ತಿ ಇಲ್ಲದವರು ಸೇರಿ ಕೊಂಡರು, ಅಷ್ಟೆ. ಆಮೇಲೆ 1971ರಲ್ಲಿ ಫ್ರಾನ್ಸಿನ ಮೋಂಪೆಲಿಯೆಯಲ್ಲಿ ಪ್ರೊಕೋಟಿಪ್ ಎಂಬ ಪ್ರಯೋಗ ನಡೆದು ಬೇಗ ಮುಗಿಯಿತು.

1974ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ನಡೆದದ್ದು ಅದಕ್ಕಿಂತ ಕುತೂಹಲದ್ದು. 1965ರಲ್ಲಿ ಅದೇ ಊರಿನಲ್ಲಿ ಯಾರು ಬೇಕಾದರೂ ಒಯ್ಯಬಹುದಾದ ಬಿಳಿ ಸೈಕಲ್ಲುಗಳ ಯೋಜನೆ ರೂಪಿಸಿದ್ದ ಲುಡ್ ಸ್ಕಿಮೆಲ್‌ಪೆನಿಂಕ್, ವಿಟ್‌ಕಾರ್ ಎಂಬ ಪುಟ್ಟ ವಿದ್ಯುತ್ ಕಾರುಗಳನ್ನು ಬೀದಿಗಿಳಿಸಿದರು. ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಬಹುದು, ನಿಂತಾಗ ಬ್ಯಾಟರಿ ಚಾರ್ಜ್ ಆಗುತ್ತದೆ, ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಐವತ್ತು ವರ್ಷದ ಹಿಂದಿನ ಈ ಯೋಜನೆಯ ಬುದ್ಧಿವಂತಿಕೆಯಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೆ ಬೆರಳೆಣಿಕೆಯ ನಿಲ್ದಾಣಗಳನ್ನು ಮೀರಿ ಅದು ಬೆಳೆಯಲಿಲ್ಲ. ಜನ ಹೋಗುವ ದಿಕ್ಕಿಗೇ ಕಾರುಗಳೂ ಹೋಗಿ ಸೇರಿಕೊಳ್ಳುತ್ತಿದ್ದವು, ಬೇಕಾದ ಕಡೆ ಇರುತ್ತಿರಲಿಲ್ಲ. ನಗರಾಡಳಿತ ಹೆಚ್ಚಿನ ಜಾಗ ಕೊಡಲು ಮನಸ್ಸು ಮಾಡಲಿಲ್ಲ. 1980ರ ದಶಕ ಮುಗಿಯುವ ಮುನ್ನ ವಿಟ್‌ಕಾರ್ ನಿಂತುಹೋಯಿತು. ತಂತ್ರಜ್ಞಾನ ಮುಂದಿದ್ದೂ ಜಾಗ ಸಿಗದೆ ಸೋತ ಮೊದಲ ಉದಾಹರಣೆ ಇದು.

ಬೇರು ಬಿಟ್ಟದ್ದು 1987ರಲ್ಲಿ, ಮತ್ತೆ ಸ್ವಿಟ್ಜರ್ಲೆಂಡಿನಲ್ಲೇ. ಆ ವರ್ಷ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಹಕಾರ ಸಂಘಗಳು ಹುಟ್ಟಿಕೊಂಡವು. ಮಧ್ಯ ಸ್ವಿಟ್ಜರ್ಲೆಂಡಿನಲ್ಲಿ ಎಟಿಜಿ, ಜ್ಯೂರಿಕ್ಕಿನಲ್ಲಿ ಶೇರ್‌ಕಾಮ್. ಒಂದೆರಡು ಕಾರು, ಒಂದಿಷ್ಟು ಪರಿಚಯದವರು, ಬೀಗದ ಕೈ ಇಡಲು ಒಂದು ಪೆಟ್ಟಿಗೆ, ಓಡಿಸಿದ ದೂರ ಬರೆಯಲು ಒಂದು ಪುಸ್ತಕ, ಇಷ್ಟೇ ಅವರ ಬಂಡವಾಳ. ಹತ್ತು ವರ್ಷದ ನಂತರ, 1997ರಲ್ಲಿ, ಎರಡೂ ಸೇರಿ ಮೊಬಿಲಿಟಿ ಎಂಬ ಒಂದೇ ಸಹಕಾರ ಸಂಘವಾಯಿತು. ಇಂದು 90 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಅದರ ಕೆಂಪು ಕಾರುಗಳು ಸುಮಾರು 3,000, ಅವು ನಿಲ್ಲುವ ತಾಣಗಳು 1,500ರಷ್ಟು, ಬಳಸುವವರು ಎರಡು ಲಕ್ಷಕ್ಕೂ ಹೆಚ್ಚು.

ಈ ಸಂಘದ ಬೆಳವಣಿಗೆಯ ಗುಟ್ಟು ಕಾರಿನ ಒಳಗೆ ಸಿಗುವುದಿಲ್ಲ, ಅದು ರೈಲು ನಿಲ್ದಾಣದಲ್ಲಿದೆ. ಸ್ವಿಸ್ ರೈಲ್ವೆಯ ಜೊತೆ ಒಪ್ಪಂದ ಮಾಡಿಕೊಂಡು ಸಂಘ ತನ್ನ ಕಾರುಗಳನ್ನು ನಿಲ್ದಾಣದ ಬಾಗಿಲಿಗೇ ತಂದು ನಿಲ್ಲಿಸಿತು. ಆ ದೇಶದ ರೈಲು, ಬಸ್ಸು, ಬೆಟ್ಟದೂರಿನ ಅಂಚೆ ಬಸ್ಸು ಒಂದರ ವೇಳೆಗೆ ಇನ್ನೊಂದು ಹೊಂದಿಕೊಂಡು ಓಡುತ್ತವೆ. ಹಾಗಾಗಿ ದೂರದ ಪ್ರಯಾಣಕ್ಕೆ ರೈಲು, ಕೊನೆಯ ಹತ್ತು ಕಿಲೋಮೀಟರಿಗೆ ಕಾರು ಎಂಬ ಹೊಂದಾಣಿಕೆ ಅಲ್ಲಿನ ಜನರಿಗೆ ಸಹಜವಾಯಿತು. ಒಯ್ದ ಕಾರನ್ನು ಒಯ್ದ ಜಾಗಕ್ಕೇ ತಂದು ನಿಲ್ಲಿಸಬೇಕೆಂಬ ಹಳೇ ನಿಯಮವನ್ನು ಅವರು ಬಹುಮಟ್ಟಿಗೆ ಬಿಡಲಿಲ್ಲ. ಬಳಸುವವರಿಗೆ ಅದು ಕಟ್ಟುನಿಟ್ಟು ಎನಿಸಬಹುದು. ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾರುಗಳು ದಿಕ್ಕಾಪಾಲಾದದ್ದು ಇಲ್ಲಿ ಆಗಲಿಲ್ಲ. ಸದಸ್ಯರೇ ಪಾಲುದಾರರಾದ್ದರಿಂದ ಕಾರನ್ನು ಕೊಳಕು ಮಾಡಿ ಬಿಡುವ ಚಟವೂ ಹದ್ದಿನಲ್ಲಿತ್ತು. ಸಣ್ಣ ಊರುಗಳೂ ಈ ಜಾಲದೊಳಗೆ ಬಂದದ್ದನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ. ಮುಂದೆ ಅದು ನಮಗೆ ಬೇಕಾಗುತ್ತದೆ.

ಜರ್ಮನಿಯಲ್ಲಿ ಬರ್ಲಿನ್ ನಗರ 1988ರಲ್ಲೂ ಬ್ರೆಮೆನ್ 1990ರಲ್ಲೂ ಈ ದಾರಿ ಹಿಡಿದವು. ಬ್ರೆಮೆನ್ ನಗರಾಡಳಿತದ ಯೋಚನೆ ಅನುಕರಣೀಯ. ಹಳೆಯ ಬಡಾವಣೆಗಳ ಇಕ್ಕಟ್ಟಾದ ಬೀದಿಗಳಲ್ಲಿ ನಿಂತ ಕಾರುಗಳ ನಡುವೆ ಅಗ್ನಿಶಾಮಕದ ಗಾಡಿ ನುಗ್ಗಲಾಗದ ಸ್ಥಿತಿ ಅಲ್ಲಿತ್ತು. 2003ರಿಂದ ನಗರವೇ ರಸ್ತೆಬದಿಯ ಜಾಗ ಬಿಡಿಸಿಕೊಟ್ಟು ಹಂಚಿಕೆಯ ಕಾರುಗಳಿಗೆ ತಾಣಗಳನ್ನು ಕಟ್ಟತೊಡಗಿತು. 2009ರ ಕ್ರಿಯಾಯೋಜನೆಯಲ್ಲಿ 2020ರೊಳಗೆ 20,000 ಬಳಕೆದಾರರು ಎಂಬ ಗುರಿ ಇಟ್ಟುಕೊಂಡಿತು. ಅದರಿಂದ ಬೀದಿಯಲ್ಲಿ ನಿಲ್ಲುವ 6,000 ಕಾರುಗಳು ಕಡಿಮೆಯಾಗಲಿ ಎಂಬುದು ಲೆಕ್ಕ. ಸೇವೆ ಎಷ್ಟು ಹಣ ದುಡಿಯಿತು ಎಂಬುದಕ್ಕಿಂತ ಬೀದಿ ಎಷ್ಟು ಖಾಲಿಯಾಯಿತು ಎಂಬುದನ್ನು ಅಳತೆಗೋಲಾಗಿ ಹಿಡಿದ ನಗರವಿದು. 2017ರಲ್ಲಿ ಜರ್ಮನಿಯ ಸಂಸತ್ತು ಕಾರ್‌ಶೇರಿಂಗಿಗೆಂದೇ ಒಂದು ಕಾಯ್ದೆ ಮಾಡಿ, ರಸ್ತೆಬದಿಯ ಜಾಗವನ್ನು ಇಂಥ ಕಾರುಗಳಿಗೆ ಕಾದಿರಿಸಲು ಹಾದಿ ಮಾಡಿಕೊಟ್ಟಿತು.

ಅಮೆರಿಕದ ಕಥೆಯನ್ನು ಬೇಗ ಮುಗಿಸಬಹುದು. ರಾಬಿನ್ ಚೇಸ್ ಮತ್ತು ಆಂಟ್ಯೆ ಡ್ಯಾನಿಯಲ್‌ಸನ್ ಎಂಬ ಇಬ್ಬರು ಮಹಿಳೆಯರು 2000ನೇ ಇಸವಿಯಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜಿನಲ್ಲಿ ಜಿಪ್‌ಕಾರ್ ಕಟ್ಟಿದರು. ಯುರೋಪಿನ ಸಹಕಾರಿಗಳ ಆಲೋಚನೆಗೆ ಅಂತರ್ಜಾಲದ ಬುಕಿಂಗ್ ಸೇರಿಸಿ ಬೆಳೆಸಿದ ಆ ಕಂಪನಿಯನ್ನು 2013ರಲ್ಲಿ ಏವಿಸ್ ಎಂಬ ಬಾಡಿಗೆ ಕಂಪನಿ ಸುಮಾರು 50 ಕೋಟಿ ಡಾಲರಿಗೆ ಕೊಂಡಿತು.

ಆಮೇಲೆ ಬಂದವರು ಕಾರು ತಯಾರಕರು. ಡೈಮ್ಲರ್ 2008ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಕಾರ್‌ಟುಗೋ ಆರಂಭಿಸಿತು. ನಿಲ್ದಾಣವೇ ಇಲ್ಲ; ಊರಿನೊಳಗೆ ಸಿಕ್ಕಲ್ಲಿ ಹತ್ತಿ, ಬೇಕಾದಲ್ಲಿ ಬಿಟ್ಟು, ನಿಮಿಷದ ಲೆಕ್ಕಕ್ಕೆ ಹಣ ಕೊಟ್ಟರಾಯಿತು. ಬಿಎಂಡಬ್ಲ್ಯು ಕಂಪನಿ 2011ರಲ್ಲಿ ಮ್ಯೂನಿಕ್ಕಿನಲ್ಲಿ ಇದೇ ಬಗೆಯ ಸೇವೆ ತೆರೆಯಿತು. ಇಬ್ಬರೂ ನಷ್ಟ ತಾಳಲಾರದೆ 2019ರಲ್ಲಿ ಒಂದಾದರು, 2020ರ ಫೆಬ್ರವರಿ ಮುಗಿಯುವ ಹೊತ್ತಿಗೆ ಉತ್ತರ ಅಮೆರಿಕವನ್ನೇ ಬಿಟ್ಟರು, 2022ರಲ್ಲಿ ಉಳಿದದ್ದನ್ನು ಸ್ಟೆಲ್ಲಾಂಟಿಸ್ ಗುಂಪಿಗೆ ಮಾರಿದರು. ಪ್ಯಾರಿಸ್ಸಿನ ಆಟೊಲಿಬ್ ಇನ್ನೂ ದೊಡ್ಡ ಕನಸು. 2011ರ ಡಿಸೆಂಬರಿನಲ್ಲಿ ಶುರುವಾದ ಈ ವಿದ್ಯುತ್ ಕಾರುಗಳ ಸೇವೆಗೆ ನಗರಾಡಳಿತಗಳ ಬೆಂಬಲವಿತ್ತು, ಬೊಲ್ಲೊರೆ ಸಂಸ್ಥೆಯ ಬಂಡವಾಳವಿತ್ತು, ಸುಮಾರು 4,000 ಕಾರುಗಳೂ ಇದ್ದವು. ಸಾಲ ಬೆಟ್ಟವಾಗಿ, ಕಾರುಗಳು ಕೊಳೆಯಾಗಿ, ನಷ್ಟ ಯಾರು ತುಂಬಬೇಕೆಂಬ ಜಗಳ ಹತ್ತಿ 2018ರ ಜುಲೈ ಕೊನೆಗೆ ಅದೂ ಮುಚ್ಚಿತು. ಎಲ್ಲಿ ಬೇಕಾದರೂ ಬಿಡಬಹುದಾದ ಕಾರು ಬಳಸುವವರಿಗೆ ಅತ್ಯಂತ ಸುಖದ್ದು. ಆದರೆ ಅದು ಪೈಪೋಟಿ ಮಾಡುವುದು ಮೆಟ್ರೊ, ಸೈಕಲ್, ಟ್ಯಾಕ್ಸಿಯ ಜೊತೆ. ಸ್ವಂತ ಕಾರಿನ ಜೊತೆ ಅಲ್ಲ. ಊರಿಗೆ ಹೆಚ್ಚು ಉಪಕಾರ ಮಾಡಿದ ಬಗೆ ಯಾವುದೆಂದು ನನ್ನನ್ನು ಕೇಳಿದರೆ, ಆಕರ್ಷಣೆ ಕಡಿಮೆಯಿದ್ದ ಹಳೇ ಸ್ವಿಸ್ ಬಗೆಯೇ ಎನ್ನುತ್ತೇನೆ.

ಈ ಅಭಿಪ್ರಾಯಕ್ಕೆ ಆಧಾರವಾಗಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನಗಳನ್ನು ನೋಡಬಹುದು. ಸುಸಾನ್ ಶಾಹೀನ್ ಮತ್ತು ಎಲಿಯಟ್ ಮಾರ್ಟಿನ್ ಅವರು ಉತ್ತರ ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಸದಸ್ಯ ಕುಟುಂಬಗಳನ್ನು ವಿಚಾರಿಸಿದಾಗ, ಕುಟುಂಬಕ್ಕೆ ಸರಾಸರಿ 0.47ರಷ್ಟಿದ್ದ ಸ್ವಂತ ವಾಹನ 0.24ಕ್ಕೆ ಇಳಿದದ್ದು ಕಂಡಿತು. ಹಂಚಿಕೆಯ ಒಂದು ಕಾರು, ಮಾರಿದ ಕಾರು ಮತ್ತು ಕೊಳ್ಳದೆ ಬಿಟ್ಟ ಕಾರು ಎರಡನ್ನೂ ಸೇರಿಸಿ, 9ರಿಂದ 13 ವಾಹನಗಳ ಜಾಗ ತುಂಬುತ್ತದೆ ಎಂದು ಅವರು ಲೆಕ್ಕ ಹಾಕಿದರು. ಈ ಸಂಖ್ಯೆಯನ್ನು ಸೇವೆ ಮಾರುವವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ವಿದ್ವಾಂಸರ ಇನ್ನೊಂದು ಮಾತು ಅಷ್ಟು ಪ್ರಚಾರ ಪಡೆಯಲಿಲ್ಲ. ಸೇರಿದವರಲ್ಲಿ ಹೆಚ್ಚಿನವರು ಮೊದಲು ಕಾರೇ ಇಲ್ಲದವರು. ಹೊಸದಾಗಿ ಕಾರು ಕೈಗೆ ಸಿಕ್ಕಿದ್ದರಿಂದ ಅವರ ಹೊಗೆಯ ಪಾಲು ಸ್ವಲ್ಪ ಏರಿತು. ಕಾರು ಬಿಟ್ಟುಕೊಟ್ಟ ಸ್ವಲ್ಪ ಜನರ ಪಾಲು ಬಹಳ ಇಳಿದದ್ದರಿಂದ ಒಟ್ಟು ಲೆಕ್ಕ ಊರಿಗೆ ಲಾಭವಾಯಿತು. ಈ ಎರಡನೇ ಮಾತೇ ಭಾರತಕ್ಕೆ ಮುಖ್ಯ. ಯಾಕೆಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕಾರಿರುವ ಮನೆಗಳು ನೂರಕ್ಕೆ ಏಳೆಂಟು. ನಮ್ಮಲ್ಲಿ ಬಿಟ್ಟುಕೊಡಲು ಕಾರಿರುವವರೇ ಕಡಿಮೆ.

ಭಾರತಕ್ಕೆ ಬರುವ ಮುನ್ನ ಜಪಾನಿನಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ 1962ರಿಂದ ಒಂದು ಕಾನೂನಿದೆ. ಕಾರು ಕೊಳ್ಳುವವರು ಮನೆಯ ಆಸುಪಾಸಿನಲ್ಲಿ ರಸ್ತೆಯಿಂದ ಹೊರಗೆ ಅದನ್ನು ನಿಲ್ಲಿಸಲು ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. ರಾತ್ರಿಯಿಡೀ ಬೀದಿಯಲ್ಲಿ ಕಾರು ಬಿಡುವಂತಿಲ್ಲ. ಟೋಕಿಯೊದಲ್ಲಿ ತಿಂಗಳ ಪಾರ್ಕಿಂಗ್ ಬಾಡಿಗೆ ಕಟ್ಟುವುದೇ ಒಂದು ಸಂಸಾರ ನಡೆಸಿದಷ್ಟು ಭಾರ. ಅಂಥ ದೇಶದಲ್ಲಿ ಹಂಚಿಕೆಯ ಕಾರಿನ ಅತಿ ದೊಡ್ಡ ವ್ಯಾಪಾರ ಕಟ್ಟಿದ್ದು ಪಾರ್ಕ್24 ಎಂಬ ಪಾರ್ಕಿಂಗ್ ಕಂಪನಿ. ಗಲ್ಲಿಗಲ್ಲಿಯಲ್ಲೂ ನಾಲ್ಕೈದು ಕಾರು ನಿಲ್ಲುವ ಪುಟ್ಟ ಜಾಗಗಳು ಅದರ ಕೈಯಲ್ಲಿದ್ದವು. ಒಂದೊಂದರಲ್ಲಿ ಒಂದೆರಡು ಹಂಚಿಕೆಯ ಕಾರು ನಿಲ್ಲಿಸಿತು. ಈಗ ಆ ದೇಶದಲ್ಲಿ ಎಲ್ಲ ಕಂಪನಿಗಳದ್ದು ಸೇರಿ 50,000 ಮೀರಿದ ಕಾರುಗಳೂ 30 ಲಕ್ಷ ಮೀರಿದ ಸದಸ್ಯರೂ ಇದ್ದಾರೆ. ಬಾಡಿಗೆಗೆ ಪಡೆದ ಕಾರನ್ನು ಒಂದಿಂಚೂ ಓಡಿಸದೆ ಒಳಗೆ ಕೂತು ಊಟ ಮಾಡುವ, ನಿದ್ದೆ ತೆಗೆಯುವ ಗಿರಾಕಿಗಳಿದ್ದಾರೆಂದು ಅಲ್ಲಿನ ಪತ್ರಿಕೆಗಳು 2019ರಲ್ಲಿ ವರದಿ ಮಾಡಿದ್ದವು. ಜಾಗವೇ ಚಿನ್ನವಾದ ಊರಿನಲ್ಲಿ ಅದೂ ನಡೆಯುತ್ತದೆ.

ಈಗ ನಮ್ಮ ಕಡೆಗೆ. ಭಾರತದಲ್ಲಿ ಸೆಲ್ಫ್ ಡ್ರೈವ್ ಕಾರನ್ನು ಆ್ಯಪಿನ ಮೂಲಕ ಜನರ ಬಳಕೆಗೆ ತಂದವರಲ್ಲಿ ಮೊದಲಿಗರು ಬೆಂಗಳೂರಿನ ಜೂಮ್‌ಕಾರ್. ಡೇವಿಡ್ ಬ್ಯಾಕ್ ಮತ್ತು ಗ್ರೆಗ್ ಮೊರಾನ್ ಎಂಬ ಇಬ್ಬರು ಅಮೆರಿಕನ್ ಯುವಕರು 2013ರಲ್ಲಿ ಕೆಲವೇ ಕಾರುಗಳಿಂದ ಶುರುಮಾಡಿದ್ದು. ಮೊದಲು ಕಂಪನಿಯದೇ ಕಾರುಗಳಿದ್ದವು. ಕೋವಿಡ್ ನಂತರ ಅದು ತನ್ನ ಕಾರು ಇಟ್ಟುಕೊಳ್ಳುವುದನ್ನು ಬಿಟ್ಟು, ಕಾರಿನ ಮಾಲೀಕರನ್ನೂ ಬೇಕಾದವರನ್ನೂ ಜೋಡಿಸುವ ಮಾರುಕಟ್ಟೆಯಾಯಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಸ್ಡ್ಯಾಕ್ ಪೇಟೆಯ ಪಟ್ಟಿಗೂ ಸೇರಿತು. ಒಂದು ದಶಕದಲ್ಲಿ ನಮ್ಮ ನಗರಗಳ ಯುವಜನರಿಗೆ ಕಾರು ಬಾಡಿಗೆಗೆ ಒಯ್ದು ಓಡಿಸುವುದು ಅಭ್ಯಾಸವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಆ ಕಾರುಗಳು ಹೋಗುವುದೆಲ್ಲಿಗೆ? ಬಹುಪಾಲು ಶನಿವಾರ ಬೆಳಿಗ್ಗೆ ಸಕಲೇಶಪುರಕ್ಕೆ, ಚಿಕ್ಕಮಗಳೂರಿಗೆ, ಕೊಡಗಿಗೆ. ಇದಕ್ಕೆ ಕಾರಣ ಜನರ ರಸಿಕತೆಯಷ್ಟೇ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಟ್ಯಾಕ್ಸಿಯ ದರದಲ್ಲಿ ದೊಡ್ಡ ಪಾಲು ಚಾಲಕನ ಸಂಬಳ. ತಾನೇ ಓಡಿಸಿಕೊಂಡರೆ ಉಳಿತಾಯ ದೊಡ್ಡದು. ನಮ್ಮಲ್ಲಿ ಚಾಲಕನ ದುಡಿಮೆಗೆ ನಾವು ಕೊಡುವ ಬೆಲೆ ಎಷ್ಟು ಕಡಿಮೆಯೆಂದರೆ, ಊರೊಳಗಿನ ಐದು ಕಿಲೋಮೀಟರಿಗೆ ಆಟೊ ಹಿಡಿಯುವುದೇ ಎಲ್ಲಕ್ಕಿಂತ ಅಗ್ಗ. ಪಾರ್ಕಿಂಗ್ ಹುಡುಕುವ ತಲೆನೋವೂ ಇಲ್ಲ. ಹೊರಊರಿಗೆ ಹೋಗುವಾಗ ಮಾತ್ರ ಲೆಕ್ಕ ಬದಲಾಗುತ್ತದೆ: ದಿನಕ್ಕೆ ಕನಿಷ್ಠ 250–300 ಕಿಲೋಮೀಟರಿನ ಹಣ, ಡ್ರೈವರ್ ಬಾಟಾ, ನೈಟ್ ಹಾಲ್ಟ್. ಅಲ್ಲಿ ಸೆಲ್ಫ್ ಡ್ರೈವ್ ಗೆಲ್ಲುತ್ತದೆ. ಹೀಗಾಗಿ ನಮ್ಮ ಹಂಚಿಕೆಯ ಕಾರು ಈವರೆಗೆ ಮಾಡಿದ್ದು ಹೊಸ ಪ್ರವಾಸಗಳನ್ನು ಹುಟ್ಟಿಸಿದ್ದೇ ಹೊರತು ಬೆಂಗಳೂರಿನ ಬೀದಿಯಿಂದ ಸ್ವಂತ ಕಾರುಗಳನ್ನು ತೆಗೆದದ್ದಲ್ಲ. ಕಾರು ಕೊಳ್ಳಲಾರದ ಕುಟುಂಬವೊಂದು ವರ್ಷಕ್ಕೊಮ್ಮೆ ಮನೆದೇವರಿಗೆ ತಮ್ಮದೇ ವೇಳೆಯಲ್ಲಿ ಹೋಗಿಬರುವುದನ್ನು ನಾನು ತಪ್ಪೆನ್ನಲಾರೆ. ಅದೊಂದು ಬಗೆಯ ಸಮಾನತೆ. ಅದಕ್ಕೆ ಪರಿಸರ ರಕ್ಷಣೆಯ ಪಟ್ಟ ಕಟ್ಟುವುದು ಮಾತ್ರ ಸಲ್ಲದು.

ಕಾನೂನಿನ ಸ್ಥಿತಿಯನ್ನೂ ನೋಡಬೇಕು. ಕಾರನ್ನು ಚಾಲಕನಿಲ್ಲದೆ ಬಾಡಿಗೆಗೆ ಕೊಡುವುದಕ್ಕೆ ನಮ್ಮಲ್ಲಿ ಇಂದಿಗೂ ಆಧಾರ 1989ರ ರೆಂಟ್ ಎ ಕ್ಯಾಬ್ ಯೋಜನೆ. ಅದರ ಪ್ರಕಾರ ಪರವಾನಗಿ ಬೇಕೆಂದರೆ ಕನಿಷ್ಠ 50 ಕ್ಯಾಬ್ ಇರಬೇಕು. 1987ರ ಸ್ವಿಸ್ ಸಂಘಗಳು ನಮ್ಮ ನಾಡಿನಲ್ಲಿ ಹುಟ್ಟಿದ್ದರೆ ಆರ್‌ಟಿಒ ಮೆಟ್ಟಿಲಲ್ಲೇ ಮುಗಿದುಹೋಗುತ್ತಿದ್ದವು. ವೈಟ್ ಬೋರ್ಡ್ ಕಾರನ್ನು ಹಣಕ್ಕೆ ಕೊಟ್ಟರೆ ಪರವಾನಗಿಯ ತಕರಾರು, ಅಪಘಾತವಾದರೆ ವಿಮೆಯ ತಕರಾರು. 2020ರಲ್ಲಿ ಕೇಂದ್ರ ಸರ್ಕಾರದ ಅಗ್ರಿಗೇಟರ್ ಮಾರ್ಗಸೂಚಿ ಖಾಸಗಿ ಕಾರಿನಲ್ಲಿ ಜೊತೆಪ್ರಯಾಣಕ್ಕೆ ಊರೊಳಗೆ ದಿನಕ್ಕೆ ನಾಲ್ಕು, ಊರಿಂದೂರಿಗೆ ವಾರಕ್ಕೆ ಎರಡು ಎಂಬ ಮಿತಿ ಹಾಕಿತು. ಅದು ಕಾರ್‌ಪೂಲಿಂಗಿನ ಮಾತು. ಮೂರು ಮನೆಯವರು ಸೇರಿ ಒಂದು ಕಾರು ಇಟ್ಟುಕೊಂಡರೆ ಖರ್ಚಿನ ಹಂಚಿಕೆ ಎಲ್ಲಿ ಮುಗಿದು ಬಾಡಿಗೆ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಕಾರ್‌ಪೂಲಿಂಗ್ ಸುತ್ತ ಎದ್ದ ಗದ್ದಲದಲ್ಲಿ ಟ್ಯಾಕ್ಸಿ ಚಾಲಕರ ಸಂಘಗಳನ್ನು ಹಲವರು ಹಳಬರೆಂದು ಹೀಗಳೆದರು. ಪರ್ಮಿಟ್, ಎಫ್‌ಸಿ, ಬ್ಯಾಡ್ಜ್, ಹೆಚ್ಚಿನ ವಿಮೆ ಎಲ್ಲ ಕಟ್ಟಿ ಯೆಲ್ಲೋ ಬೋರ್ಡ್ ಹಾಕಿಕೊಂಡವರ ಪಕ್ಕದಲ್ಲಿ ಏನೂ ಕಟ್ಟದ ವೈಟ್ ಬೋರ್ಡ್ ದುಡಿಯತೊಡಗಿದರೆ ಅವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಗೆರೆ ಎಲ್ಲಿದೆಯೆಂದು ಸರ್ಕಾರ ಹೇಳದೆ ಇದ್ದಾಗ ಜಗಳ ಬೀದಿಯಲ್ಲಿ ನಡೆಯುತ್ತದೆ.

ಪಾರ್ಕಿಂಗಿನ ವಿಷಯದಲ್ಲಿ ನಾವು ಜಪಾನಿಗೆ ನೇರ ವಿರುದ್ಧ. ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿದ ಬೆಂಗಳೂರಿನಲ್ಲಿ ಬಡಾವಣೆಯ ಬೀದಿಯೆಂದರೆ ಉಚಿತ ಗ್ಯಾರೇಜು. ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿದ ಪಾರ್ಕಿಂಗ್ ನೀತಿ 2.0, ಮನೆಮುಂದಿನ ಬೀದಿಯಲ್ಲಿ ಕಾರು ನಿಲ್ಲಿಸಲು ಗಾತ್ರಕ್ಕೆ ತಕ್ಕಂತೆ ವರ್ಷಕ್ಕೆ 1,000ದಿಂದ 5,000 ರೂಪಾಯಿಯ ಪರ್ಮಿಟ್ ಸೂಚಿಸಿತ್ತು. ಅಷ್ಟು ಸಣ್ಣ ಮೊತ್ತಕ್ಕೂ ಊರು ಕೂಗೆಬ್ಬಿಸಿತು. ಜಾಗ ತೋರಿಸಿದವರಿಗಷ್ಟೇ ಕಾರು ನೋಂದಣಿ ಎಂಬ ಮಾತು ಹಲವು ಸಲ ಕೇಳಿಬಂದು ಅಡಗಿದೆ. ಬೀದಿಯ ಜಾಗ ಪುಕ್ಕಟೆಯಾಗಿರುವವರೆಗೆ, ಜಾಗಕ್ಕೂ ಸೇರಿಸಿ ಗಂಟೆಗೆ ಇಷ್ಟು ಎಂದು ಬೆಲೆ ಕಟ್ಟುವ ಹಂಚಿಕೆಯ ಕಾರು ಸ್ವಂತ ಕಾರಿನೆದುರು ದುಬಾರಿಯಾಗಿಯೇ ಕಾಣುತ್ತದೆ.

ಹಾಗಾದರೆ ಹಂಚಿಕೆ ನಮ್ಮ ಜಾಯಮಾನಕ್ಕೆ ಒಗ್ಗದು ಎನ್ನೋಣವೇ? ನಮ್ಮ ಹಳ್ಳಿಗಳು ಈ ಮಾತನ್ನು ಒಪ್ಪುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಕರ್ನಾಟಕದ ರೈತ ಈ ಪದ್ಧತಿಯನ್ನು ಬಹುಕಾಲದಿಂದ ನಡೆಸುತ್ತಿದ್ದಾನೆ. ಒಬ್ಬರ ಟ್ರ್ಯಾಕ್ಟರು ಊರೆಲ್ಲರ ಹೊಲ ಉಳುತ್ತದೆ, ಲೆಕ್ಕ ಗಂಟೆಗೆ ಇಷ್ಟೆಂದು. 2014–15ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಟಿಲ್ಲರು, ನಾಟಿ ಯಂತ್ರ, ಕೊಯ್ಲು ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿವೆ. ವರ್ಷಕ್ಕೆ ಕೆಲವೇ ದಿನ ಬೇಕಾಗುವ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವುದು ಹುಚ್ಚು ಎಂಬುದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ವಾರ ಎಲ್ಲರಿಗೂ ಒಟ್ಟಿಗೆ ಟ್ರ್ಯಾಕ್ಟರು ಬೇಕಾಗುತ್ತದೆ, ಸರದಿಗೆ ಜಗಳವಾಗುತ್ತದೆ, ಪ್ರಭಾವಿಗಳ ಹೊಲ ಮೊದಲು ಉಳುಮೆಯಾಗುತ್ತದೆ. ಹಂಚಿಕೆಯ ಕಾರಿಗೆ ದಸರೆಯ ವಾರ, ಮದುವೆಯ ಮುಹೂರ್ತಗಳ ತಿಂಗಳು ತಂದೊಡ್ಡುವ ಸಮಸ್ಯೆ ಇದೇ. ಸರದಿಯ ನಿಯಮ ಮಾಡುವವರು ಯಾರು ಎಂಬುದರ ಮೇಲೆ ಸದಸ್ಯರ ನಂಬಿಕೆ ನಿಂತಿರುತ್ತದೆ.

ಸಹಕಾರ ತತ್ವದ ವಿಷಯದಲ್ಲೂ ನಾವು ಹೊಸಬರಲ್ಲ. ಸಿದ್ದನಗೌಡ ಪಾಟೀಲರು ಗದಗ ಸೀಮೆಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ವಾಹನದ ಸಹಕಾರವನ್ನೂ ಮಲೆನಾಡು ಕಂಡಿದೆ. ಕೊಪ್ಪದಲ್ಲಿ ಮಾಲೀಕರು ಬಿಟ್ಟುಕೊಟ್ಟ ಬಸ್ ಕಂಪನಿಯನ್ನು ನೌಕರರೇ 1991ರಲ್ಲಿ ಸಹಕಾರ ಸಾರಿಗೆಯಾಗಿ ಎತ್ತಿ ನಿಲ್ಲಿಸಿ, ಘಟ್ಟದ ಊರೂರಿಗೆ ಮೂರು ದಶಕದ ಹತ್ತಿರ ಬಸ್ಸು ಓಡಿಸಿದರು. ನಷ್ಟದ ಭಾರಕ್ಕೆ 2020ರಲ್ಲಿ ಅದು ನಿಂತಿತು. ಒಳ್ಳೆಯ ಮನಸ್ಸು, ದುಡಿಯುವ ಕೈ ಇದ್ದರೂ ರಸ್ತೆ, ಇಂಧನ, ತೆರಿಗೆಯ ನೀತಿ ಬೆನ್ನಿಗೆ ನಿಲ್ಲದಿದ್ದರೆ ಸಹಕಾರ ಸಂಘವೂ ಬಾಳದು ಎಂಬುದನ್ನು ಕೊಪ್ಪ ನಮಗೆ ತೋರಿಸಿದೆ.

ಮುಂದಿನ ದಿನಗಳ ಮಾತು ಬಂದಾಗ ವಿದ್ಯುತ್ ಕಾರು, ಚಾಲಕನಿಲ್ಲದ ಕಾರು ಎಂಬ ಎರಡು ಹೆಸರು ಕೂಡಲೇ ಕೇಳಿಬರುತ್ತವೆ. ವಿದ್ಯುತ್ ಕಾರು ಹಂಚಿಕೆಗೆ ಅನುಕೂಲವೇ. ಕೊಳ್ಳುವ ಬೆಲೆ ಹೆಚ್ಚು, ಓಡಿಸುವ ಖರ್ಚು ಕಡಿಮೆ ಇರುವ ವಾಹನ ಹೆಚ್ಚು ಹೊತ್ತು ಓಡಿದಷ್ಟೂ ಲಾಭ. ಚಾರ್ಜಿಂಗ್ ಜಾಗ ಬೇಕಾಗುವುದರಿಂದ ಅದು ನಿಲ್ದಾಣದ ಪದ್ಧತಿಗೇ ನಮ್ಮನ್ನು ಮರಳಿ ತರುತ್ತದೆ. ತಾನೇ ಓಡುವ ಕಾರು ಬಂದರೆ ಟ್ಯಾಕ್ಸಿಗೂ ಹಂಚಿಕೆಯ ಕಾರಿಗೂ ವ್ಯತ್ಯಾಸವೇ ಉಳಿಯದು. ಅಮೆರಿಕದ ಕೆಲವು ನಗರಗಳಲ್ಲಿ ಅದು ಬೀದಿಗೆ ಬಂದಾಗಿದೆ. ಚಾಲಕನ ಸಂಬಳ ಉಳಿಸುವುದೇ ಅದರ ಲಾಭವಾದ್ದರಿಂದ, ಸಂಬಳ ಕಡಿಮೆಯಿರುವ ನಮ್ಮಲ್ಲಿಗೆ ಅದು ತಡವಾಗಿ ಬರುತ್ತದೆ ಎಂಬುದು ನನ್ನ ಅಂದಾಜು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾದ ಅಗತ್ಯವಿಲ್ಲ.

ಮೊದಲ ನಿಜವಾದ ಪ್ರಯೋಗ ಬೆಂಗಳೂರಿನಲ್ಲಿ ಆಗಬಾರದು, ಮೈಸೂರಿನಲ್ಲಿ ಆಗಬೇಕು ಎಂಬುದು ನನ್ನ ಸಲಹೆ. ಊರು ಹದವಾದ ಗಾತ್ರದ್ದು. ಬೆಂಗಳೂರಿಗೆ ದಿನವಿಡೀ ರೈಲುಗಳಿವೆ, ನಗರ ಬಸ್ಸುಗಳಿವೆ. ಸೈಕಲ್ ಹಂಚಿಕೆಯ ಟ್ರಿಣ್ ಟ್ರಿಣ್ ಯೋಜನೆ 2017ರ ಜೂನಿನಲ್ಲಿ ಅಲ್ಲಿ ಸುಮಾರು 450 ಸೈಕಲ್, 48 ನಿಲ್ದಾಣಗಳೊಂದಿಗೆ ಶುರುವಾಗಿತ್ತು. ತಾಣದಿಂದ ಒಯ್ದು ತಾಣದಲ್ಲಿ ಬಿಡುವ ರೂಢಿ ಜನರಿಗೆ ಆಗಿದೆ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಮಕ್ಕಳು ಹೊರಗೆ ಹೋಗಿ ಹಿರಿಯರಿಬ್ಬರೇ ಉಳಿದ ಮನೆಗಳು ಬಹಳ. ತಿಂಗಳಿಗೆ ನಾಲ್ಕು ಸಲ ಓಡಿಸಲು ಅಲ್ಲಿ ಕಾರುಗಳು ಕವರು ಹೊದ್ದು ನಿಂತಿವೆ. ರೈಲು ನಿಲ್ದಾಣದ ಎದುರು ಆರು, ಬಡಾವಣೆಗೆ ಎರಡರಂತೆ ಕಾದಿರಿಸಿದ ಜಾಗ ಸಾಕು. ಅವನ್ನು ಪಾಲಿಕೆ ಬಾಡಿಗೆಗೆ ಕೊಡಲಿ, ಪುಕ್ಕಟೆ ಬೇಡ. 1989ರ ಯೋಜನೆಯ ಐವತ್ತರ ಕಟ್ಟನ್ನು ನೋಂದಾಯಿತ ಸಹಕಾರ ಸಂಘಗಳಿಗಾದರೂ ಐದಕ್ಕೆ ಇಳಿಸಲು ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಲಿ. ಅಂಥ ಕಾರುಗಳ ಜೀವಿತಾವಧಿ ತೆರಿಗೆಯನ್ನು ಒಂದೇ ಗಂಟಿನ ಬದಲು ಓಡಿದ ಕಿಲೋಮೀಟರಿಗೆ ತಕ್ಕಂತೆ ವರ್ಷವರ್ಷ ತೆಗೆದುಕೊಳ್ಳಲಿ. ಮುಂದೆ ಎಲ್ಲ ಕಾರುಗಳಿಗೂ ಅದನ್ನು ಹಬ್ಬಿಸಬಹುದೇ ಎಂಬುದಕ್ಕೂ ಅದೊಂದು ಪರೀಕ್ಷೆಯಾಗುತ್ತದೆ. ಎರಡು ವರ್ಷದ ನಂತರ ಸದಸ್ಯರ ಮನೆಗೆ ಹೋಗಿ ಎಷ್ಟು ಬುಕಿಂಗ್ ಮಾಡಿದಿರಿ ಎಂದು ಕೇಳುವುದು ಬೇಡ, ಅದು ಕಂಪ್ಯೂಟರಿನಲ್ಲೇ ಸಿಗುತ್ತದೆ. ಕವರು ಹೊದ್ದು ನಿಂತಿದ್ದ ಕಾರು ಮಾರಿದಿರಾ, ಎರಡನೇ ಕಾರು ಕೊಳ್ಳುವ ಯೋಚನೆ ಮುಂದೂಡಿದಿರಾ, ಬಸ್ಸು ಹತ್ತುವುದು ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಕಡಿಮೆಯಾಯಿತು ಎಂಬ ಉತ್ತರ ಹೆಚ್ಚಾಗಿ ಬಂದರೆ, ಕಾದಿರಿಸಿದ ಜಾಗವನ್ನು ಪಾಲಿಕೆ ವಾಪಸ್ ಪಡೆಯುವ ಷರತ್ತು ಮೊದಲ ದಿನದ ಒಪ್ಪಂದದಲ್ಲೇ ಇರಬೇಕು.